ವಿಂಡ್ ಟರ್ಬೈನ್‌ಗೆ ಪೈಲ್ ಫೌಂಡೇಶನ್ ಡಿಸೈನ್ ಮಾಡೋದು ಹೇಗೆ: ಕೆಳಗೆ ಒತ್ತೋ ಪೈಲ್ ಅಲ್ಲ, ಮೇಲೆ ಏಳೋ ಪೈಲ್ ನೋಡಿ

ಬಿಲ್ಡಿಂಗ್ ಫೌಂಡೇಶನ್ ಮಾಡಿ ಮಾಡಿ ಕೈ ಪಳಗಿರೋರು ವಿಂಡ್ ಟರ್ಬೈನ್ ಕೆಲಸಕ್ಕೆ ಬಂದ ತಕ್ಷಣ ಕೇಳೋ ಮೊದಲ ಪ್ರಶ್ನೆ ಒಂದೇ, ತೂಕ ಎಷ್ಟು? ಒಂದು ಪೈಲ್ (ಮಣ್ಣೊಳಗೆ ಆಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ) ಮೇಲೆ ಎಷ್ಟು ಬೀಳುತ್ತೆ, ಮಣ್ಣು ತಡ್ಕೊಳ್ಳುತ್ತಾ ಅಂತ. ಇಲ್ಲಿ ಆ ಪ್ರಶ್ನೆ ಕೊನೆಗೆ ಬರೋದು. ಮೂರು ಮೆಗಾವ್ಯಾಟ್ ಆಸುಪಾಸಿನ ಟರ್ಬೈನ್ ತಗೊಳ್ಳಿ, ಟವರ್, ನಸೆಲ್ (ಟವರ್ ತುದಿಯಲ್ಲಿ ಕೂತಿರೋ ಜನರೇಟರ್ ಡಬ್ಬ), ರೋಟರ್ ಎಲ್ಲಾ ಸೇರಿ 5 ಮೆಗಾನ್ಯೂಟನ್ ಇರುತ್ತೆ ಅಂದ್ಕೊಳ್ಳೋಣ, ಅಂದ್ರೆ ಸುಮಾರು 500 ಟನ್. ಇಷ್ಟೇ ಆಗಿದ್ರೆ ನಾಲ್ಕೈದು ಪೈಲ್ ಹಾಕಿ ಕೈ ತೊಳ್ಕೋಬಹುದಿತ್ತು. ಆದ್ರೆ ನೂರು ಮೀಟರ್ ಎತ್ತರದಲ್ಲಿ ಗಾಳಿ ತಳ್ಳೋದು ಒಂದು ಮೆಗಾನ್ಯೂಟನ್‌ನಷ್ಟೇ ಆದ್ರೂ ಬುಡದಲ್ಲಿ ಅದು 90, 100 ಮೆಗಾನ್ಯೂಟನ್ ಮೀಟರ್ ಮೊಮೆಂಟ್ (ಉರುಳಿಸೋ ತಿರುವು) ಆಗಿ ಕೂರುತ್ತೆ. ಟರ್ಬೈನ್‌ನ ಎತ್ತಿ ಹಿಡಿಯೋದು ಸುಲಭ, ಅದು ಬೀಳದ ಹಾಗೆ ಹಿಡಿಯೋದೇ ಕೆಲಸ. ಜೊತೆಗೆ ಆ ಮೊಮೆಂಟ್ ಒಂದು ಸಲ ಬಂದು ಹೋಗೋದಲ್ಲ, 20 ವರ್ಷ ಬಿಡದೆ ಬರುತ್ತೆ, ದಿಕ್ಕು ಬದಲಾಯಿಸ್ಕೊಂಡು ಬರುತ್ತೆ.

ಹಾಗಾಗಿ ನಾನು ಯಾವಾಗ್ಲೂ ಹೇಳೋದು, ಗಾಳಿ ಬೀಸೋ ಕಡೆಯ ಪೈಲ್‌ನಿಂದ ಶುರು ಮಾಡಿ. ಅದು ಮೇಲೆ ಏಳೋಕೆ ನೋಡುತ್ತೆ. ಅದನ್ನ ಸರಿ ಮಾಡ್ಕೊಂಡ್ರೆ ಒತ್ತೋ ಕಡೆಯ ಪೈಲ್ ಸಾಮಾನ್ಯವಾಗಿ ತಾನಾಗೇ ದಾರಿಗೆ ಬರುತ್ತೆ.

ಪೈಲ್ ಬೇಕೇ ಬೇಕಾ ಅಂತ ಮೊದಲು ಕೇಳಿ

ಗಟ್ಟಿ ಮಣ್ಣಿದ್ರೆ ಅಗಲವಾದ ಗ್ರಾವಿಟಿ ಫೌಂಡೇಶನ್ನೇ (ತನ್ನ ತೂಕದಿಂದಲೇ ನಿಲ್ಲೋದು) ಸಾಕು, ಅದೇ ಅಗ್ಗ ಕೂಡ. ಮೇಲಿನ ಕೆಲವು ಮೀಟರ್ ಮೆತ್ತಗಿನ ಜೇಡಿ, ಪೀಟ್, ಸಡಿಲ ಮರಳು, ತುಂಬಿದ ಮಣ್ಣು ಇಂಥದ್ದಿದ್ದು ಅದರ ಕೆಳಗೆ ಒಳ್ಳೇ ಪದರ ಸಿಗುತ್ತೆ ಅಂದ್ರೆ ಪೈಲ್ ಬಗ್ಗೆ ಯೋಚಿಸಿ. ಮೆತ್ತಗಿನ ಪದರ ಮೂರು ನಾಲ್ಕು ಮೀಟರ್ ಅಷ್ಟೇ ಇದ್ರೆ ಅದನ್ನ ತೆಗೆದು ಒಳ್ಳೇ ಮಣ್ಣು ತುಂಬಿ ಕಾಂಪ್ಯಾಕ್ಟ್ ಮಾಡೋದು, ಇಲ್ಲಾ ಸ್ಟೋನ್ ಕಾಲಮ್ (ಮಣ್ಣೊಳಗೆ ಜಲ್ಲಿ ಕಂಬ) ಹಾಕೋದು ಕೂಡ ಲೆಕ್ಕಕ್ಕೆ ತಗೊಳ್ಳಿ. ಪೈಲ್‌ಗೆ ಹೋಗೋಕೆ ಇನ್ನೊಂದು ಕಾರಣ ಗಡಸುತನ. ಕೆಲವು ಕಡೆ ಮಣ್ಣು ಭಾರ ಹೊರುತ್ತೆ, ಆದ್ರೆ ಟರ್ಬೈನ್ ಕಂಪನಿ ಕೇಳಿರೋ ರೊಟೇಶನಲ್ ಸ್ಟಿಫ್ನೆಸ್, ಅಂದ್ರೆ ವಾಲದ ಹಾಗೆ ತಡೆಯೋ ಗಡಸುತನ, ಕೊಡಲ್ಲ.

ಸಾಯಿಲ್ ಇನ್ವೆಸ್ಟಿಗೇಶನ್ ಪ್ರತಿ ಟರ್ಬೈನ್ ಜಾಗದಲ್ಲೂ ಬೇರೆ ಬೇರೆಯಾಗಿ ಆಗ್ಬೇಕು. ಪಕ್ಕದ ಟರ್ಬೈನ್ 400 ಮೀಟರ್ ದೂರ ಇರುತ್ತೆ, ಅಲ್ಲಿನ ಬೋರ್‌ಹೋಲ್ ಇಲ್ಲಿಗೆ ಯಾವ ಪುರಾವೇನೂ ಅಲ್ಲ. ಬೋರ್‌ಹೋಲ್ ಪೈಲ್ ತುದಿಯಿಂದ ಕೆಳಗೂ ಹೋಗ್ಬೇಕು, ಯೂರೋಕೋಡ್ 7ರ (ಯುರೋಪಿನ ಮಣ್ಣು, ಫೌಂಡೇಶನ್ ಡಿಸೈನ್ ಕೋಡ್) ಅನುಬಂಧದಲ್ಲಿ ಇದಕ್ಕೆ ಮಾತು ಇದೆ: ಕನಿಷ್ಠ 5 ಮೀಟರ್, ಪೈಲ್ ಡಯಾದ ಮೂರು ಪಟ್ಟು, ಪೈಲ್ ಗುಂಪಿನ ಚಿಕ್ಕ ಅಗಲ, ಈ ಮೂರರಲ್ಲಿ ದೊಡ್ಡದು. ಟರ್ಬೈನ್ ಪೈಲ್ ಗುಂಪಿನ ಅಗಲ 16 ಮೀಟರ್ ಇದ್ರೆ ತುದಿಯಿಂದ ಇನ್ನೂ 16 ಮೀಟರ್ ಅಂತಾಯ್ತು, ಇದನ್ನ ಕೇಳಿದ ಕೂಡ್ಲೇ ಕ್ಲೈಂಟ್ ಮುಖ ಸಣ್ಣಗಾಗುತ್ತೆ, ಆದ್ರೂ ಬಿಡ್ಬೇಡಿ.

ಶಕ್ತಿ ಜೊತೆ ಸಣ್ಣ ಸ್ಟ್ರೇನ್‌ನ ಶಿಯರ್ ಮಾಡ್ಯುಲಸ್ (ಮಣ್ಣು ಚೂರೇ ಚೂರು ಅಡ್ಡಕ್ಕೆ ಜರುಗಿದಾಗಿನ ಗಡಸುತನ) ಕೂಡ ಬೇಕು. ಶಿಯರ್ ವೇವ್ ವೇಗ ಅಳೆದ್ರೆ ಅದು ಸಿಗುತ್ತೆ: ವೇಗದ ವರ್ಗವನ್ನ ಸಾಂದ್ರತೆಯಿಂದ ಗುಣಿಸಿ. ವೇಗ ಸೆಕೆಂಡಿಗೆ 200 ಮೀಟರ್, ಸಾಂದ್ರತೆ ಘನ ಮೀಟರ್‌ಗೆ 1.8 ಟನ್ ಅಂದ್ರೆ 72 ಮೆಗಾಪ್ಯಾಸ್ಕಲ್. ಇದು ತೀರಾ ಸಣ್ಣ ಸ್ಟ್ರೇನ್‌ನ ಬೆಲೆ, ಲೋಡ್ ಬಿದ್ದಾಗ ಇದು ಇಳಿಯುತ್ತೆ, ಇಳಿಸದೇ ಹಾಗೇ ಹಾಕಿದ್ರೆ ಕಂಪ್ಯೂಟರ್‌ನಲ್ಲಿ ಫೌಂಡೇಶನ್ ಬಂಡೆ ಥರ ಕಾಣುತ್ತೆ. ನೀರಿನ ಮಟ್ಟ, ಅದೂ ಮಳೆಗಾಲದ ಅತಿ ಮೇಲಿನ ಮಟ್ಟ, ಮತ್ತೆ ಸಲ್ಫೇಟ್, ಕ್ಲೋರೈಡ್ ಇವೂ ರಿಪೋರ್ಟ್‌ನಲ್ಲಿ ಇರ್ಬೇಕು. ನೀರಿನ ಮಟ್ಟ ಯಾಕೆ ಅಷ್ಟು ಮುಖ್ಯ ಅಂತ ಕೆಳಗೆ ಲೆಕ್ಕದಲ್ಲಿ ನೋಡ್ತೀರ.

ಲೋಡ್ ಡಾಕ್ಯುಮೆಂಟ್ ಓದೋದು

ಗಾಳಿಯ ಲೋಡ್ ನೀವು ಲೆಕ್ಕ ಹಾಕಲ್ಲ, ಟರ್ಬೈನ್ ಕಂಪನಿ ಐಇಸಿ 61400-1 (ವಿಂಡ್ ಟರ್ಬೈನ್‌ನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಪ್ರಕಾರ ಸಿಮ್ಯುಲೇಶನ್ ಮಾಡಿ ಫೌಂಡೇಶನ್ ಲೋಡ್ ಕೊಡುತ್ತೆ. ಆ ಡಾಕ್ಯುಮೆಂಟ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಕೊಟ್ಟಿರೋ ಸಂಖ್ಯೆಯಲ್ಲಿ ಪಾರ್ಶಿಯಲ್ ಫ್ಯಾಕ್ಟರ್ (ಸುರಕ್ಷತೆಗೆ ಅಂತ ಗುಣಿಸೋ ಸಂಖ್ಯೆ) ಸೇರಿದೆಯಾ ಇಲ್ವಾ ಅಂತ. ನಾರ್ಮಲ್ ಲೋಡ್ ಕೇಸ್‌ಗೆ 1.35, ಗ್ರಿಡ್ ಹೋದಾಗ ಅಥವಾ ಕಂಟ್ರೋಲ್ ಕೆಟ್ಟಾಗ ಬರೋ ಅಬ್‌ನಾರ್ಮಲ್ ಕೇಸ್‌ಗೆ 1.1. ಹಾಗಾಗಿ ಕ್ಯಾರೆಕ್ಟರಿಸ್ಟಿಕ್ (ಫ್ಯಾಕ್ಟರ್ ಹಾಕದ) ಮೊಮೆಂಟ್ ಯಾವುದು ದೊಡ್ಡದೋ ಅದೇ ಡಿಸೈನ್‌ಗೂ ದೊಡ್ಡದು ಅಂತ ಏನಿಲ್ಲ, 1.1 ಕೇಸ್ ಮೇಲೆ ಕಂಡ್ರೂ ಗುಣಿಸಿದ ಮೇಲೆ 1.35 ಕೇಸ್ ಗೆಲ್ಲಬಹುದು. ಎರಡನ್ನೂ ಗುಣಿಸಿ ನೋಡಿ.

ಎರಡನೇದು, ಲೋಡ್ ಯಾವ ಲೆವೆಲ್‌ನಲ್ಲಿ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಟವರ್ ಬುಡದ ಫ್ಲ್ಯಾಂಜ್ (ಬೋಲ್ಟ್ ಹಾಕೋ ಉಕ್ಕಿನ ಅಂಚು) ಹತ್ರ ಇರುತ್ತೆ, ನಿಮಗೆ ಬೇಕಾದ್ದು ಪೈಲ್ ತಲೆ ಹತ್ರ, ಮಧ್ಯದ ಎತ್ತರ ಹಾರಿಜಾಂಟಲ್ ಫೋರ್ಸ್‌ಗೆ ಗುಣಿಸಿ ಮೊಮೆಂಟ್‌ಗೆ ಸೇರಿಸ್ಬೇಕು.

ಮೂರನೇದು ಎಸ್1, ಎಸ್2, ಎಸ್3 ಲೆವೆಲ್. ಟವರ್ ಮತ್ತು ಫೌಂಡೇಶನ್‌ಗೆ ಅಂತಲೇ ಇರೋ ಐಇಸಿ 61400-6 ಇದನ್ನ ಬಳಸುತ್ತೆ. ಎಸ್1 ಅಂದ್ರೆ ಕ್ಯಾರೆಕ್ಟರಿಸ್ಟಿಕ್ ಎಕ್ಸ್‌ಟ್ರೀಮ್. ಎಸ್3 ಅಂದ್ರೆ ಟರ್ಬೈನ್ ಜೀವಿತದ 1 ಪರ್ಸೆಂಟ್ ಸಮಯ ಮೀರೋ ಲೋಡ್, 20 ವರ್ಷಕ್ಕೆ ಅದು ಸುಮಾರು 1750 ಗಂಟೆ. ಎಸ್2 ಇವೆರಡರ ಮಧ್ಯೆ. ಈ ಎಸ್3ನ್ನ ಜೋಪಾನವಾಗಿ ಇಟ್ಕೊಳ್ಳಿ. ಕೊನೆಗೆ ಫಟೀಗ್‌ಗೆ (ಮತ್ತೆ ಮತ್ತೆ ಲೋಡ್ ಬಂದು ದಣಿಯೋದು) ಬೇಕಾದ ಮಾರ್ಕೋವ್ ಮ್ಯಾಟ್ರಿಕ್ಸ್, ಅಂದ್ರೆ ಎಷ್ಟು ದೊಡ್ಡ ಏರಿಳಿತ ಎಷ್ಟು ಸಲ ಬರುತ್ತೆ ಅನ್ನೋ ಪಟ್ಟಿ, ಮತ್ತೆ ಬೇಕಾದ ಕನಿಷ್ಠ ರೊಟೇಶನಲ್ ಸ್ಟಿಫ್ನೆಸ್. ಇವೆರಡೂ ಡಾಕ್ಯುಮೆಂಟ್‌ನಲ್ಲಿ ಇಲ್ಲ ಅಂದ್ರೆ ಕೇಳಿ ತರಿಸ್ಕೊಳ್ಳಿ, ಇಲ್ಲದೆ ಶುರು ಮಾಡ್ಬೇಡಿ.

ಕೈ ಲೆಕ್ಕ

ಸಾಫ್ಟ್‌ವೇರ್ ತೆಗೆಯೋ ಮುಂಚೆ ಒಂದು ಹಾಳೆ ಮೇಲೆ ಇದನ್ನ ಮಾಡಿ. ನಾನು ಇಲ್ಲಿ ತಗೊಂಡಿರೋದು ಉದಾಹರಣೆಗೆ ಅಷ್ಟೇ, ನಿಮ್ಮ ಟರ್ಬೈನ್‌ಗೆ ನಿಮ್ಮ ಸಂಖ್ಯೆ ಹಾಕ್ಕೊಳ್ಳಿ.

ದುಂಡಗಿನ ಕ್ಯಾಪ್ (ಪೈಲ್ ತಲೆಗಳನ್ನೆಲ್ಲಾ ಸೇರಿಸೋ ಕಾಂಕ್ರೀಟ್ ದಿಮ್ಮಿ), ಡಯಾ 18 ಮೀಟರ್, ಅಂಚಿನಲ್ಲಿ ದಪ್ಪ 1.2 ಮೀಟರ್, ಮಧ್ಯದಲ್ಲಿ 2.8 ಮೀಟರ್, ಮೇಲೆ 6 ಮೀಟರ್ ಡಯಾದ ಪೆಡೆಸ್ಟಲ್ (ಟವರ್ ಕೂರೋ ಪೀಠ). ಕಾಂಕ್ರೀಟ್ ಸುಮಾರು 510 ಘನ ಮೀಟರ್, ತೂಕ 12.8 ಮೆಗಾನ್ಯೂಟನ್. ಇಳಿಜಾರಿನ ಮೇಲೆ ವಾಪಸ್ ತುಂಬೋ ಮಣ್ಣು 3.8. ಟರ್ಬೈನ್ 5. ಒಟ್ಟು 21.6 ಮೆಗಾನ್ಯೂಟನ್. ಫ್ಲ್ಯಾಂಜ್ ಹತ್ರ ಮೊಮೆಂಟ್ 90, ಹಾರಿಜಾಂಟಲ್ 1, ಅದಕ್ಕೆ ಸುಮಾರು 3 ಮೀಟರ್ ಸೇರಿಸಿದ್ರೆ ಪೈಲ್ ತಲೆ ಹತ್ರ 93 ಮೆಗಾನ್ಯೂಟನ್ ಮೀಟರ್.

750 ಮಿಲಿಮೀಟರ್ ಡಯಾದ 20 ಪೈಲ್, ಎಲ್ಲಾ 8 ಮೀಟರ್ ರೇಡಿಯಸ್‌ನ ಒಂದೇ ವೃತ್ತದಲ್ಲಿ. ಪೈಲ್ ಮಧ್ಯೆ ಅಂತರ 2.5 ಮೀಟರ್ ಬರುತ್ತೆ, ಮೂರು ಡಯಾಕ್ಕಿಂತ ಜಾಸ್ತಿ, ಸರಿ. ವೃತ್ತದಲ್ಲಿ ಹಾಕಿದಾಗ ಫಾರ್ಮುಲಾ ಬಹಳ ಸರಳ: ಪ್ರತಿ ಪೈಲ್‌ಗೆ ಸರಾಸರಿ ಅಂದ್ರೆ ಒಟ್ಟು ತೂಕ ಭಾಗಿಸು ಪೈಲ್ ಸಂಖ್ಯೆ, ಅದಕ್ಕೆ ಕೂಡಿಸು ಅಥವಾ ಕಳೆ, ಎರಡು ಪಟ್ಟು ಮೊಮೆಂಟ್ ಭಾಗಿಸು ಪೈಲ್ ಸಂಖ್ಯೆ ಗುಣಿಸು ರೇಡಿಯಸ್. ಇಲ್ಲಿ ಸರಾಸರಿ 1.08, ಮೊಮೆಂಟ್‌ನಿಂದ 1.16. ಒತ್ತೋ ಪೈಲ್ 2.24 ಮೆಗಾನ್ಯೂಟನ್, ಇನ್ನೊಂದು ತುದಿಯ ಪೈಲ್ ಮೈನಸ್ 0.08, ಅಂದ್ರೆ ಚೂರು ಎಳೆತ. ಗಾಳಿ ಯಾವ ದಿಕ್ಕಿಂದ ಬಂದ್ರೂ ಇದೇ ಲೆಕ್ಕ, ವೃತ್ತದ ಲಾಭ ಅದು. ಚೌಕದ ಕ್ಯಾಪ್ ಮಾಡಿದ್ರೆ ಮೂಲೆ ದಿಕ್ಕನ್ನ ಬೇರೆಯಾಗಿ ನೋಡ್ಬೇಕು.

ಈಗ ಅದೇ ಫಾರ್ಮುಲಾನ ತಿರುಗಿಸಿ ನೋಡಿ. ಎಳೆತ ಬರಬಾರದು ಅಂದ್ರೆ ಮೊಮೆಂಟ್ ಭಾಗಿಸು ತೂಕ, ಅದು ರೇಡಿಯಸ್‌ನ ಅರ್ಧಕ್ಕಿಂತ ಕಮ್ಮಿ ಇರ್ಬೇಕು. ನಮ್ಮಲ್ಲಿ 93 ಭಾಗಿಸು 21.6 ಅಂದ್ರೆ 4.3, ಮಿತಿ 4. ಗಮನಿಸಿ, ಇದರಲ್ಲಿ ಪೈಲ್ ಸಂಖ್ಯೆ ಎಲ್ಲೂ ಇಲ್ಲ! 20ರ ಬದಲು 28 ಪೈಲ್ ಹಾಕಿದ್ರೆ ಒಂದೊಂದರ ಎಳೆತ ಹಂಚಿ ಕಮ್ಮಿ ಆಗುತ್ತೆ, ಆದ್ರೆ ಎಳೆತ ಅನ್ನೋದು ಹೋಗಲ್ಲ. ಅದು ಹೋಗ್ಬೇಕು ಅಂದ್ರೆ ಎರಡೇ ದಾರಿ, ರೇಡಿಯಸ್ ಜಾಸ್ತಿ ಮಾಡಿ ಇಲ್ಲಾ ತೂಕ ಜಾಸ್ತಿ ಮಾಡಿ. ಎಷ್ಟೋ ಡ್ರಾಯಿಂಗ್‌ನಲ್ಲಿ ಒಳಗಡೆ ಇನ್ನೊಂದು ವೃತ್ತ ಹಾಕಿ ಪೈಲ್ ತುಂಬಿರ್ತಾರೆ, ಮೊಮೆಂಟ್‌ಗೆ ಅವು ಮಾಡೋ ಸಹಾಯ ತೀರಾ ಅಲ್ಪ, ದುಡ್ಡು ಮಾತ್ರ ಅಷ್ಟೇ ತಿನ್ನುತ್ವೆ.

ಇನ್ನು ನೀರು. ನೀರಿನ ಮಟ್ಟ ಕ್ಯಾಪ್ ಮೇಲ್ಭಾಗದ ತನಕ ಬರಬಹುದು ಅಂದ್ರೆ ಮುಳುಗೋ ಗಾತ್ರ ಮಣ್ಣೂ ಸೇರಿ ಸುಮಾರು 712 ಘನ ಮೀಟರ್, 7.1 ಮೆಗಾನ್ಯೂಟನ್ ಮೇಲಕ್ಕೆ ತಳ್ಳುತ್ತೆ. ತೂಕ 21.6 ಇದ್ದಿದ್ದು 14.5ಕ್ಕೆ ಬಂತು. ಮೊಮೆಂಟ್ ಭಾಗಿಸು ತೂಕ ಈಗ 6.4, ಮಿತಿ ಅದೇ 4. ತುದಿಯ ಪೈಲ್‌ನಲ್ಲಿ ಎಳೆತ 0.44 ಮೆಗಾನ್ಯೂಟನ್, ಫ್ಯಾಕ್ಟರ್ ಹಾಕಿದ್ರೆ, ಅಂದ್ರೆ ಮೊಮೆಂಟ್‌ಗೆ 1.35 ತೂಕಕ್ಕೆ 0.9, ಎಳೆತ 0.92ಕ್ಕೆ ಹೋಗುತ್ತೆ. ಒಂದು ಮಳೆಗಾಲದ ನೀರಿನ ಮಟ್ಟ ಇಡೀ ಡಿಸೈನ್‌ನ ತಲೆಕೆಳಗು ಮಾಡಿದ್ದು ನೋಡಿ.

ಹಾಗಂತ ಎಕ್ಸ್‌ಟ್ರೀಮ್ ಲೋಡ್‌ನಲ್ಲಿ ಎಳೆತ ಬಂದ್ರೆ ಡಿಸೈನ್ ಫೇಲ್ ಅಂತಲ್ಲ. ಪೈಲ್‌ಗೆ ಕಂಬಿ ಹಾಕ್ತೀವಿ, ಮಣ್ಣಿನ ಘರ್ಷಣೆ ಹಿಡಿಯುತ್ತೆ, ಐವತ್ತು ವರ್ಷಕ್ಕೊಮ್ಮೆ ಬರೋ ಗಾಳಿಗೆ ಅದು ಸಾಕು. ಬರಬಾರದ್ದು ಎಸ್3ನಲ್ಲಿ. ಎಸ್3 ಮೊಮೆಂಟ್ 50 ಅಂದ್ಕೊಂಡ್ರೆ 50 ಭಾಗಿಸು 14.5 ಅಂದ್ರೆ 3.4, ಮಿತಿ 4ರ ಒಳಗೆ, ನೀರು ತುಂಬಿದ್ರೂ ಪೈಲ್ ಒತ್ತಡದಲ್ಲೇ ಇರುತ್ತೆ. ಈ ಚೆಕ್ ಪಾಸಾದ್ರೆ ನನಗೆ ಅರ್ಧ ನೆಮ್ಮದಿ. ಯಾಕಂದ್ರೆ ಒಮ್ಮೆ ಒತ್ತಿ ಒಮ್ಮೆ ಎಳೆದು ಮಾಡಿದ್ರೆ ಪೈಲ್ ಪಕ್ಕದ ಮಣ್ಣಿನ ಹಿಡಿತ ಹೋಗ್ತಾ ಬರುತ್ತೆ, ನೆಟ್ಟ ಗೂಟನ ದಿನಾ ಆ ಕಡೆ ಈ ಕಡೆ ಅಲ್ಲಾಡಿಸಿದ್ರೆ ಸಡಿಲ ಆಗಿ ಕೈಗೇ ಬರುತ್ತಲ್ಲ ಹಾಗೆ. ಬರೀ ಒತ್ತಡದಲ್ಲೇ ಹೆಚ್ಚು ಕಮ್ಮಿ ಆಗ್ತಿದ್ರೆ ಇಷ್ಟು ಹಾಳಾಗಲ್ಲ.

ಪೈಲ್ ಉದ್ದ, ಪೈಲ್ ಕಂಬಿ

ಉದ್ದ ಎರಡು ಕಡೆಯಿಂದ ಬರುತ್ತೆ. ಒತ್ತೋದಕ್ಕೆ ಡಿಸೈನ್ ಲೋಡ್ ತೂಕಕ್ಕೂ 1.35 ಹಾಕಿದ್ರೆ ಸುಮಾರು 3 ಮೆಗಾನ್ಯೂಟನ್, ಇದಕ್ಕೆ ಪೈಲ್ ಪಕ್ಕದ ಘರ್ಷಣೆ ಮತ್ತು ತುದಿ ಎರಡೂ ಸೇರುತ್ತೆ. ಎಳೆತಕ್ಕೆ ತುದಿ ಲೆಕ್ಕಕ್ಕಿಲ್ಲ, ಪಕ್ಕ ಮಾತ್ರ. 20 ಮೀಟರ್ ಉದ್ದದ 750 ಪೈಲ್‌ನ ಪಕ್ಕದ ಮೈ 47 ಚದರ ಮೀಟರ್, ಸರಾಸರಿ ಘರ್ಷಣೆ 50 ಕಿಲೋಪ್ಯಾಸ್ಕಲ್ ಸಿಕ್ರೆ ಅಲ್ಟಿಮೇಟ್ 2.36 ಮೆಗಾನ್ಯೂಟನ್, ಎರಡರಿಂದ ಭಾಗಿಸಿದ್ರೆ 1.18, ಬೇಕಾದ್ದು 0.92. ಸಾಕು ಅನ್ಸುತ್ತೆ, ಆದ್ರೆ ಸೈಕ್ಲಿಕ್ ಲೋಡ್‌ಗೆ ಅಂತ ಒಂದಷ್ಟು ಕಡಿತ ಮಾಡಿ ಮತ್ತೆ ನೋಡಿ, ಮತ್ತೆ ಪೈಲ್ ಗುಂಪು ಒಟ್ಟಿಗೆ ಮಣ್ಣಿನ ಗಡ್ಡೆ ಸಮೇತ ಏಳುತ್ತಾ ಅನ್ನೋದನ್ನೂ ಚೆಕ್ ಮಾಡಿ. ಮೇಲಿನ ಮೆತ್ತಗಿನ ಪದರದಲ್ಲಿ ಘರ್ಷಣೆ ತಗೋಬೇಡಿ. ಅದರ ಮೇಲೆ ಹೊಸದಾಗಿ ಮಣ್ಣು ತುಂಬಿ ಎತ್ತರ ಮಾಡಿದ್ರೆ ಆ ಪದರ ಕುಸಿತಾ ಪೈಲ್‌ನ ಕೆಳಗೆ ಎಳೆಯುತ್ತೆ, ಅಂದ್ರೆ ಸಹಾಯ ಮಾಡೋ ಬದಲು ಅದೇ ಲೋಡ್ ಆಗುತ್ತೆ. ಕ್ರೇನ್ ಪ್ಯಾಡ್ ಕೂಡ ಇದೇ ಥರದ ಕಿತಾಪತಿ: ಪೈಲ್ ಹಾಕಿದ ಮೇಲೆ ಪಕ್ಕದಲ್ಲೇ ಎತ್ತರಕ್ಕೆ ತುಂಬಿ ಭಾರೀ ಕ್ರೇನ್ ನಿಲ್ಲಿಸಿದ್ರೆ ಮೆತ್ತಗಿನ ಜೇಡಿ ಅಡ್ಡಕ್ಕೆ ಸರಿದು ಪೈಲ್‌ನ ಬಗ್ಗಿಸುತ್ತೆ. ಕ್ರೇನ್ ಪ್ಯಾಡ್ ಡಿಸೈನ್ ಬೇರೆಯವರದ್ದು ಅಂತ ಸುಮ್ನಿರ್ಬೇಡಿ.

ಕಂಬಿ ಲೆಕ್ಕ: 0.92 ಮೆಗಾನ್ಯೂಟನ್‌ನ ಕಂಬಿಯ ಡಿಸೈನ್ ಶಕ್ತಿ 435 ಮೆಗಾಪ್ಯಾಸ್ಕಲ್‌ನಿಂದ ಭಾಗಿಸಿದ್ರೆ 2115 ಚದರ ಮಿಲಿಮೀಟರ್, 20 ಎಂಎಂ ಕಂಬಿ 8 ಹಾಕಿದ್ರೆ 2513 ಸಿಗುತ್ತೆ. ಶಕ್ತಿಗೆ ಸಾಕು, ಆದ್ರೆ ಎಳೆತದಲ್ಲಿರೋ ಪೈಲ್ ಬಿರುಕು ಬಿಡುತ್ತೆ, ಕ್ರ್ಯಾಕ್ ಅಗಲ ಮತ್ತು ಫಟೀಗ್ ನೋಡಿದಾಗ ಸಾಮಾನ್ಯವಾಗಿ ಒಂದು ಸೈಜ್ ಮೇಲೆ ಹೋಗ್ಬೇಕಾಗುತ್ತೆ. ಎಳೆತ ಎಲ್ಲಿ ತನಕ ಇದೆಯೋ ಅಲ್ಲಿ ತನಕ ಕಂಬಿ ಹೋಗ್ಬೇಕು, ಮೇಲಿನ ಆರು ಮೀಟರ್‌ಗೆ ನಿಲ್ಲಿಸೋ ಅಭ್ಯಾಸ ಇಲ್ಲಿ ನಡೆಯಲ್ಲ. ಸಿಎಫ್ಎ ಪೈಲ್ (ಉದ್ದ ಸ್ಕ್ರೂ ಥರದ ಆಗರ್ ಇಳಿಸಿ, ಎತ್ತುತ್ತಾ ಕಾಂಕ್ರೀಟ್ ತುಂಬೋದು) ಆದ್ರೆ ಕಾಂಕ್ರೀಟ್ ಹಾಕಿದ ಮೇಲೆ ಕಂಬಿ ಕೇಜ್ ಒತ್ತಬೇಕು, ಉದ್ದ ಕೇಜ್ ಅರ್ಧಕ್ಕೇ ನಿಂತು ಬಿಡೋ ಭಯ ಇರುತ್ತೆ, ಅದಕ್ಕೇ ಎಳೆತ ಜಾಸ್ತಿ ಇರೋ ಕಡೆ ನನ್ನ ಒಲವು ಬೋರ್ಡ್ ಪೈಲ್ (ಗುಂಡಿ ಕೊರೆದು, ಕೇಜ್ ಇಟ್ಟು, ಆಮೇಲೆ ಕಾಂಕ್ರೀಟ್ ಹಾಕೋದು) ಕಡೆ. ಪ್ರೀಕಾಸ್ಟ್ ಡ್ರಿವನ್ ಪೈಲ್ ಆದ್ರೆ ಜಾಯಿಂಟ್ ಎಳೆತಕ್ಕೆ, ಅದೂ ಫಟೀಗ್‌ಗೆ ಟೆಸ್ಟ್ ಆಗಿರೋದಾ ಕೇಳಿ.

ಹಾರಿಜಾಂಟಲ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಕಾಗಿಲ್ಲ. 1.35 ಮೆಗಾನ್ಯೂಟನ್ 20ರಲ್ಲಿ ಹಂಚಿದ್ರೆ ಒಂದಕ್ಕೆ 67 ಕಿಲೋನ್ಯೂಟನ್. ಟಾರ್ಷನ್ (ಟವರ್‌ನ ತಿರುಚೋ ಬಲ) 8 ಮೆಗಾನ್ಯೂಟನ್ ಮೀಟರ್ ಇದ್ರೆ ಇನ್ನೊಂದು 50. ಕ್ಯಾಪ್ ತಳದ ಮಣ್ಣಿನ ಘರ್ಷಣೆ ಮಾತ್ರ ಲೆಕ್ಕಕ್ಕೆ ತಗೋಬೇಡಿ, ಮಣ್ಣು ಸ್ವಲ್ಪ ಕುಸಿದ್ರೂ ಅಲ್ಲಿ ಸಂದು ಬಿಡುತ್ತೆ.

ಸ್ಟಿಫ್ನೆಸ್

ಟವರ್‌ಗೆ ತನ್ನದೇ ನ್ಯಾಚುರಲ್ ಫ್ರೀಕ್ವೆನ್ಸಿ ಇದೆ, ರೋಟರ್‌ಗೆ ತನ್ನದೇ ತಾಳ ಇದೆ. ನಿಮಿಷಕ್ಕೆ 12 ಸುತ್ತು ಅಂದ್ರೆ ಸೆಕೆಂಡಿಗೆ 0.2, ಮೂರು ಬ್ಲೇಡ್ ಇರೋದ್ರಿಂದ ಬ್ಲೇಡ್ ಟವರ್ ಮುಂದೆ ಹಾಯೋದು 0.6. ಟವರ್ ಫ್ರೀಕ್ವೆನ್ಸಿ ಈ ಎರಡರ ಮಧ್ಯೆ ಇರೋ ಹಾಗೆ ಡಿಸೈನ್ ಮಾಡಿರ್ತಾರೆ. ಫೌಂಡೇಶನ್ ಮೆತ್ತಗಾದ್ರೆ ಟವರ್ ಫ್ರೀಕ್ವೆನ್ಸಿ ಕೆಳಗಿಳಿದು ರೋಟರ್ ತಾಳಕ್ಕೆ ಹತ್ರ ಹೋಗುತ್ತೆ, ರೆಸೊನೆನ್ಸ್ ಶುರು ಆಗುತ್ತೆ. ಕಂಪನಿ ಕನಿಷ್ಠ ಸ್ಟಿಫ್ನೆಸ್ ಕೇಳೋದು ಇದಕ್ಕೆ.

ವೃತ್ತದ ಪೈಲ್ ಗುಂಪಿಗೆ ಲೆಕ್ಕ: ಒಂದು ಪೈಲ್‌ನ ವರ್ಟಿಕಲ್ ಸ್ಟಿಫ್ನೆಸ್ ಗುಣಿಸು ಪೈಲ್ ಸಂಖ್ಯೆ ಗುಣಿಸು ರೇಡಿಯಸ್ ವರ್ಗ, ಅದರ ಅರ್ಧ. ಒಂದು ಪೈಲ್ ಮೀಟರ್‌ಗೆ 300 ಮೆಗಾನ್ಯೂಟನ್ ಅಂದ್ರೆ ನಮ್ಮ ಗುಂಪು 192 ಗಿಗಾನ್ಯೂಟನ್ ಮೀಟರ್ ಪ್ರತಿ ರೇಡಿಯನ್. ಕಂಪನಿ ಕೇಳಿದ್ದು 80 ಆಗಿದ್ರೆ ಆರಾಮ. ಇಲ್ಲೂ ರೇಡಿಯಸ್ ವರ್ಗವಾಗಿ ಕೂತಿದೆ ನೋಡಿ, ಮತ್ತೆ ಅಗಲವೇ ಗೆಲ್ಲೋದು. ಆದ್ರೆ ಇದು ಕ್ಯಾಪ್ ಬಗ್ಗಲ್ಲ ಅಂತ ಅಂದ್ಕೊಂಡಿರೋ ಲೆಕ್ಕ, ತೆಳು ಕ್ಯಾಪ್ ಬಗ್ಗುತ್ತೆ, ಗುಂಪಿನಲ್ಲಿ ಪೈಲ್ ಒಂದಕ್ಕೊಂದು ಮಣ್ಣನ್ನ ಹಂಚ್ಕೊಳ್ಳುತ್ವೆ, ಎರಡೂ ಸೇರಿ ಸ್ಟಿಫ್ನೆಸ್ ಕಮ್ಮಿ ಆಗುತ್ತೆ. ಪೈಲ್ ಸ್ಪ್ರಿಂಗ್‌ಗೆ ಒಂದೇ ಬೆಲೆ ಹಾಕ್ಬೇಡಿ, ಕಮ್ಮಿ ಒಂದು ಜಾಸ್ತಿ ಒಂದು ಹಾಕಿ ಎರಡು ಸಲ ಓಡಿಸಿ. ಕಮ್ಮಿ ಬೆಲೆ ಸ್ಟಿಫ್ನೆಸ್ ಚೆಕ್‌ಗೆ, ಜಾಸ್ತಿ ಬೆಲೆ ಹಲವು ಸಲ ಕ್ಯಾಪ್ ಒಳಗಿನ ಫೋರ್ಸ್‌ಗೆ ಕೆಟ್ಟದಾಗಿರುತ್ತೆ.

ಕ್ಯಾಪ್ ಒಳಗೆ ಲೋಡ್ ಹೇಗೆ ಹರಿಯುತ್ತೆ

ಟವರ್ ಕೂರೋದು ಬೋಲ್ಟ್ ಕೇಜ್ ಮೇಲೆ. ಉದ್ದದ ಬೋಲ್ಟ್‌ಗಳು ಎರಡು ಸಾಲಿನಲ್ಲಿ ವೃತ್ತವಾಗಿ, ಕೆಳಗೆ ಕ್ಯಾಪ್ ತಳದ ಹತ್ರ ಒಂದು ಆಂಕರ್ ರಿಂಗ್ ಪ್ಲೇಟ್, ಮೇಲೆ ಗ್ರೌಟ್, ಅದರ ಮೇಲೆ ಟವರ್ ಫ್ಲ್ಯಾಂಜ್, ಕೊನೆಗೆ ಬೋಲ್ಟ್ ಟೆನ್ಷನ್ ಮಾಡ್ತಾರೆ. ಹಳೇ ಪದ್ಧತಿ ಅಂದ್ರೆ ಉಕ್ಕಿನ ರಿಂಗನ್ನೇ ಕಾಂಕ್ರೀಟ್ ಒಳಗೆ ಹೂಳೋದು. ಅದರಲ್ಲಿ ರಿಂಗ್ ತಳದ ಫ್ಲ್ಯಾಂಜ್ ಹತ್ರ ಕಾಂಕ್ರೀಟ್ ಪುಡಿಯಾಗಿ, ನೀರು ಇಳಿದು, ಟವರ್ ಮೇಲೆ ಕೆಳಗೆ ಆಡೋ ತೊಂದರೆ ಹಲವು ಕಡೆ ಬಂದಿದೆ, ಹೊಸ ಕೆಲಸಕ್ಕೆ ನಾನಂತೂ ಬೋಲ್ಟ್ ಕೇಜ್ ಬಿಟ್ಟು ಬೇರೆ ಹೇಳಲ್ಲ.

ಗಾಳಿ ಬೀಸೋ ಕಡೆ ಬೋಲ್ಟ್‌ಗಳು ಎಳೆಯುತ್ವೆ, ಆ ಎಳೆತ ಕೆಳಗಿನ ಪ್ಲೇಟ್‌ನಲ್ಲಿ ಕಾಂಕ್ರೀಟ್‌ಗೆ ಸೇರುತ್ತೆ. ಎದುರು ಕಡೆ ಗ್ರೌಟ್ ಕೆಳಗೆ ಒತ್ತಡ, ಅಲ್ಲಿಂದ ಓರೆ ಸ್ಟ್ರಟ್ ಆಗಿ ಪೈಲ್ ತಲೆಗಳಿಗೆ ಹೋಗುತ್ತೆ. ಸ್ಟ್ರಟ್ ಅಂಡ್ ಟೈ ಮಾಡೆಲ್ (ಒತ್ತಡ, ಎಳೆತ ಹರಿಯೋ ದಾರಿನ ಕಡ್ಡಿಗಳಾಗಿ ತೋರಿಸೋ ಚಿತ್ರ) ಒಂದು ಕೈಯಲ್ಲೇ ಬರೆದು ನೋಡಿ, ಯಾವ ಕಂಬಿ ಯಾಕೆ ಬೇಕು ಅಂತ ಕಣ್ಣಿಗೆ ಕಟ್ಟುತ್ತೆ: ಒತ್ತೋ ಕಡೆ ತಳದ ಕಂಬಿ, ಎಳೆಯೋ ಕಡೆ ಮೇಲಿನ ಕಂಬಿ ಯಾಕಂದ್ರೆ ಅಲ್ಲಿ ಕ್ಯಾಪ್ ಮತ್ತು ಮಣ್ಣಿನ ತೂಕ ನೇತಾಡುತ್ತೆ ಜೊತೆಗೆ ಪೈಲ್ ಕೆಳಗೆ ಹಿಡಿಯುತ್ತೆ, ಮತ್ತೆ ಮಧ್ಯದಲ್ಲಿ ಪ್ಲೇಟ್ ಹತ್ರದ ಎಳೆತನ ಮೇಲಿನ ಪದರಕ್ಕೆ ಏರಿಸೋ ಲಂಬ ಲಿಂಕ್‌ಗಳು. ಗಾಳಿ ಎಲ್ಲಾ ಕಡೆಯಿಂದ ಬರೋದ್ರಿಂದ ಮೇಲೆ ಕೆಳಗೆ ಎರಡೂ ಪೂರ್ತಿ ಸುತ್ತ ಬೇಕು.

ಪೆಡೆಸ್ಟಲ್ ಮುಖದಲ್ಲಿ, ಅಂದ್ರೆ ಮಧ್ಯದಿಂದ 3 ಮೀಟರ್ ದೂರದಲ್ಲಿ ಬೆಂಡಿಂಗ್ ನೋಡಿ. ಅದರಾಚೆ ಇರೋ 7 ಪೈಲ್‌ಗಳ 1.35 ಹಾಕಿದ ಫೋರ್ಸ್ ಗುಣಿಸು ದೂರ ಕೂಡಿಸಿದ್ರೆ ನಮ್ಮ ಉದಾಹರಣೆಯಲ್ಲಿ ಸುಮಾರು 69 ಮೆಗಾನ್ಯೂಟನ್ ಮೀಟರ್, ಆ ಭಾಗದ ಕ್ಯಾಪ್ ಮತ್ತು ಮಣ್ಣಿನ ತೂಕ 16ರಷ್ಟು ವಾಪಸ್ ಕೊಡುತ್ತೆ, ಉಳಿದದ್ದು 53. ಸೀಳಿನ ಅಗಲ 17 ಮೀಟರ್, ಮೀಟರ್‌ಗೆ ಸರಾಸರಿ 3.1. ಎಫೆಕ್ಟಿವ್ ಡೆಪ್ತ್ 2.6 ಹಿಡಿದ್ರೆ ಮೀಟರ್‌ಗೆ 3050 ಚದರ ಮಿಲಿಮೀಟರ್, 25 ಎಂಎಂ ಕಂಬಿ 160ಕ್ಕೆ ಒಂದು. ಆದ್ರೆ ಸರಾಸರಿ ಮೋಸ ಮಾಡುತ್ತೆ, ಪೆಡೆಸ್ಟಲ್ ಎದುರಿನ ಪಟ್ಟಿಯಲ್ಲಿ ಜಾಸ್ತಿ ಇರುತ್ತೆ ಅಂಚಿಗೆ ಕಮ್ಮಿ, ಅಂಚಿಗೆ ಕ್ಯಾಪ್ ದಪ್ಪವೂ ಇಳಿದಿರುತ್ತೆ, ಹಾಗಾಗಿ ಪ್ಲೇಟ್ ಮಾಡೆಲ್ ಇಲ್ಲಾ ಸಾಲಿಡ್ ಮಾಡೆಲ್ ಮಾಡಿ ಹಂಚಿಕೆ ನೋಡಿ. ಕೈ ಲೆಕ್ಕಕ್ಕೂ ಮಾಡೆಲ್‌ಗೂ ಒಟ್ಟು ಮೊಮೆಂಟ್ ಹೊಂದಲಿಲ್ಲ ಅಂದ್ರೆ ಮಾಡೆಲ್ ತಪ್ಪಿರೋ ಸಾಧ್ಯತೆಯೇ ಜಾಸ್ತಿ.

ಪಂಚಿಂಗ್ (ಟವರ್ ಇಲ್ಲಾ ಪೈಲ್ ಕ್ಯಾಪ್‌ನ ತೂರಿ ಹೋಗೋದು) ಚೆಕ್ ಟವರ್ ಸುತ್ತ ಒಂದು, ಅಂಚಿನ ಪೈಲ್ ಸುತ್ತ ಒಂದು. ಅಂಚಿನಲ್ಲಿ ಕ್ಯಾಪ್ ತೆಳು, ಪೈಲ್ ಅಂಚಿಗೆ ಹತ್ರ, ಪೆರಿಮೀಟರ್ ಪೂರ್ತಿ ಸುತ್ತಲ್ಲ ಅನ್ನೋದು ನೆನಪಿರಲಿ. ಪೈಲ್ ಎಳೆಯುವಾಗ ಉಲ್ಟಾ ಪಂಚಿಂಗ್ ಕೂಡ ಇದೆ, ಪೈಲ್ ಕಂಬಿನ ಕ್ಯಾಪ್ ಮೇಲಿನ ಪದರದ ತನಕ ಏರಿಸಿದ್ರೆ ಆ ಎಳೆತ ಹೋಗೋಕೆ ದಾರಿ ಸಿಗುತ್ತೆ.

ಫಟೀಗ್

20 ವರ್ಷ ಅಂದ್ರೆ ಸುಮಾರು 63 ಕೋಟಿ ಸೆಕೆಂಡ್. ಟವರ್ ಮೂರು ನಾಲ್ಕು ಸೆಕೆಂಡಿಗೊಮ್ಮೆ ಓಲಾಡಿದ್ರೂ ಹತ್ತು ಕೋಟಿ ಸೈಕಲ್ ದಾಟುತ್ತೆ. 

ಕಂಬಿಗೆ ಯೂರೋಕೋಡ್ 2 (ಕಾಂಕ್ರೀಟ್ ಡಿಸೈನ್ ಕೋಡ್) ಪ್ರಕಾರ ನೇರ ಬಾರ್‌ಗೆ ಹತ್ತು ಲಕ್ಷ ಸೈಕಲ್‌ನಲ್ಲಿ ಸ್ಟ್ರೆಸ್ ರೇಂಜ್ 162.5 ಮೆಗಾಪ್ಯಾಸ್ಕಲ್. ಬಗ್ಗಿಸಿದ ಬಾರ್‌ಗೆ ಇದು ಇಳಿಯುತ್ತೆ, ಮ್ಯಾಂಡ್ರೆಲ್ (ಬಾರ್ ಸುತ್ತಿ ಬಗ್ಗಿಸೋ ಅಚ್ಚು) ಡಯಾ ಕಮ್ಮಿ ಆದಷ್ಟು ಜಾಸ್ತಿ ಇಳಿಯುತ್ತೆ. ವೆಲ್ಡ್ ಮಾಡಿದ್ರೆ ಒಂದು ಕೋಟಿ ಸೈಕಲ್‌ನಲ್ಲಿ ಬರೀ 58.5, ಅಷ್ಟೇ ಸೈಕಲ್‌ಗೆ ನೇರ ಬಾರ್ ತಡೆಯೋದರ ಅರ್ಧವೂ ಇಲ್ಲ! ಸೈಟ್‌ನಲ್ಲಿ ಅರ್ಥಿಂಗ್ ಪಟ್ಟಿ ಹಾಕೋರು, ಬೋಲ್ಟ್ ಕೇಜ್ ನಿಲ್ಲಿಸೋರು ಮುಖ್ಯ ಕಂಬಿಗೆ ಒಂದು ಟ್ಯಾಕ್ ವೆಲ್ಡ್ ಹೊಡೆದು ಹೋಗೋದು ಸಾಮಾನ್ಯ, ಡ್ರಾಯಿಂಗ್ ಮೇಲೆ ದಪ್ಪ ಅಕ್ಷರದಲ್ಲಿ ವೆಲ್ಡಿಂಗ್ ಬೇಡ, ಕ್ಲ್ಯಾಂಪ್ ಹಾಕಿ ಅಂತ ಬರೀರಿ.

ಕಾಂಕ್ರೀಟ್ ಕಡೆ ಅತಿ ಒತ್ತಡ ಇರೋದು ಗ್ರೌಟ್ ಕೆಳಗೆ. ಕ್ಯಾಪ್ ಸಿ30/37 ಅಥವಾ ಸಿ35/45 ಆದ್ರೆ ಪೆಡೆಸ್ಟಲ್‌ಗೆ ಸಿ45/55 ಅಂತ ಎರಡು ಗ್ರೇಡ್ ಬಳಸೋದು ಇದಕ್ಕೇ. ಮಾರ್ಕೋವ್ ಮ್ಯಾಟ್ರಿಕ್ಸ್‌ನ ಪ್ರತಿ ಸಾಲಿಗೂ ಸ್ಟ್ರೆಸ್ ರೇಂಜ್ ತೆಗೆದು ಡ್ಯಾಮೇಜ್ ಕೂಡಿಸಿ, ಮೊತ್ತ 1 ದಾಟಬಾರದು. ಬೆಂಡಿಂಗ್ ಕಂಬಿಗಿಂತ ಲಂಬ ಲಿಂಕ್‌ಗಳು ಹಲವು ಸಲ ಮೊದಲು ಫೇಲ್ ಆಗುತ್ವೆ, ಯಾಕಂದ್ರೆ ಅವು ಬಗ್ಗಿಸಿದ ಬಾರ್.

ಸೈಟ್‌ಗೆ ಸಂಬಂಧಪಟ್ಟದ್ದು ಡಿಸೈನ್‌ನಲ್ಲೇ ಯೋಚಿಸಿ

ಎರಡು ಮೂರು ಮೀಟರ್ ದಪ್ಪದ ಕಾಂಕ್ರೀಟ್ ಒಳಗೆ ಕಾಯುತ್ತೆ. ಒಳಗಿನ ತಾಪ 70 ಡಿಗ್ರಿ ದಾಟದಂತೆ, ಒಳಗೂ ಹೊರಗೂ ವ್ಯತ್ಯಾಸ 20 ಡಿಗ್ರಿ ಸುತ್ತಮುತ್ತ ಇರೋಹಾಗೆ ಮಿಕ್ಸ್ ಮಾಡಿಸಿ, ಸ್ಲ್ಯಾಗ್ ಇಲ್ಲಾ ಫ್ಲೈ ಆಶ್ ಸೇರಿಸೋದು, ಥರ್ಮೋಕಪಲ್ ಇಟ್ಟು ಅಳೆಯೋದು, ಮೇಲೆ ಹೊದಿಕೆ ಹಾಕೋದು ಎಲ್ಲಾ ಸ್ಪೆಸಿಫಿಕೇಶನ್‌ನಲ್ಲಿ ಬರೀರಿ. 500 ಘನ ಮೀಟರ್ ಒಂದೇ ಸಲಕ್ಕೆ ಹಾಕ್ಬೇಕು, ಮಧ್ಯೆ ನಿಂತ್ರೆ ಕೋಲ್ಡ್ ಜಾಯಿಂಟ್, ಫಟೀಗ್ ಲೋಡ್ ಇರೋ ಜಾಗದಲ್ಲಿ ಅದು ಬೇಡವೇ ಬೇಡ. ಬ್ಯಾಚಿಂಗ್ ಪ್ಲಾಂಟ್ ಒಂದು ಕೆಟ್ಟರೆ ಇನ್ನೊಂದು ಎಲ್ಲಿದೆ ಅಂತ ಮೊದಲೇ ಕೇಳಿ.

ಬೋಲ್ಟ್ ಕೇಜ್, ಮೇಲಿನ ಕಂಬಿ, ಲಿಂಕ್, ಪೈಲ್ ಕಂಬಿ, ಕೇಬಲ್ ಪೈಪ್ ಎಲ್ಲಾ ಒಂದೇ ಜಾಗದಲ್ಲಿ ಸೇರುತ್ತೆ. ಮೂರು ಆಯಾಮದಲ್ಲಿ ಬಿಡಿಸಿ ನೋಡಿ, ವೈಬ್ರೇಟರ್ ಸೂಜಿ ಇಳಿಯೋಕೆ ಜಾಗ ಇದೆಯಾ, ಆಂಕರ್ ಪ್ಲೇಟ್ ಕೆಳಗೆ ಕಾಂಕ್ರೀಟ್ ಹರಿಯುತ್ತಾ ಅಂತ. ಕೇಬಲ್ ಪೈಪ್‌ಗಳು ಸ್ಟ್ರಟ್‌ನ ಅಡ್ಡ ಕತ್ತರಿಸ್ಕೊಂಡು ಒಂದೇ ಗುಂಪಾಗಿ ಹೋಗೋದು ಬೇಡ, ಹಂಚಿ ಹಾಕಿಸಿ.

ಪೈಲ್ ಟೆಸ್ಟ್‌ನಲ್ಲಿ ಒತ್ತೋ ಟೆಸ್ಟ್ ಒಂದೇ ಮಾಡಿ ಮುಗಿಸೋರೇ ಜಾಸ್ತಿ. ಇಷ್ಟು ಹೊತ್ತು ಎಳೆತದ ಬಗ್ಗೆ ಮಾತಾಡಿದ್ದು ಯಾಕೆ ಮತ್ತೆ? ಒಂದಾದ್ರೂ ಪುಲ್‌ಔಟ್ ಟೆಸ್ಟ್ ಬೇಕು, ಸಾಧ್ಯ ಆದ್ರೆ ಲೋಡ್ ಏರಿಸಿ ಇಳಿಸಿ ಹಲವು ಸುತ್ತು ಮಾಡಿಸಿ, ಪ್ರತಿ ಸುತ್ತಿನಲ್ಲೂ ತಲೆ ಎಷ್ಟು ಎದ್ದಿತು ಅಂತ ಬರೆಸಿ. ಸುತ್ತು ಹೋದಂತೆ ಏಳೋದು ನಿಲ್ತಾ ಬಂದ್ರೆ ಸರಿ, ಏರ್ತಾನೇ ಹೋದ್ರೆ ಉದ್ದ ಜಾಸ್ತಿ ಮಾಡಿ. ಆ ಟೆಸ್ಟ್‌ನಿಂದ ಬರೋ ಸ್ಟಿಫ್ನೆಸ್‌ನ ನಿಮ್ಮ 300ರ ಜಾಗದಲ್ಲಿ ಹಾಕಿ ಲೆಕ್ಕ ಇನ್ನೊಮ್ಮೆ ಓಡಿಸಿ. ಉಳಿದ ಪೈಲ್‌ಗಳಿಗೆಲ್ಲಾ ಇಂಟೆಗ್ರಿಟಿ ಟೆಸ್ಟ್ (ಒಳಗೆ ಬಿರುಕು, ಟೊಳ್ಳು ಇದೆಯಾ ನೋಡೋದು).

ಪೈಲ್ ತಲೆ ಒಡೆಯುವಾಗ ಬ್ರೇಕರ್ ಹಾಕಿ ಕಂಬಿ ಬಗ್ಗಿಸಿ ಮತ್ತೆ ನೆಟ್ಟಗೆ ಮಾಡೋದಕ್ಕೆ ಬಿಡ್ಬೇಡಿ. ಪೈಲ್ ಜಾಗ ತಪ್ಪಿದ್ರೆ, 75 ಎಂಎಂ ಅಂತ ಟಾಲರೆನ್ಸ್ ಕೊಟ್ಟಿದ್ದು 200 ಆಗಿ ಬಂದ್ರೆ, ನಿಜವಾದ ಜಾಗ ಸರ್ವೆ ಮಾಡಿಸಿ ಎಲ್ಲಾ ದಿಕ್ಕಿನ ಗಾಳಿಗೂ ಪೈಲ್ ಲೋಡ್ ಮತ್ತೆ ತೆಗೀರಿ, ವೃತ್ತದ ಫಾರ್ಮುಲಾ ಆಗ ನಡೆಯಲ್ಲ. ಕ್ಯಾಪ್ ಮೇಲೆ ನಾಲ್ಕು ದಿಕ್ಕಿಗೂ ಲೆವೆಲ್ ಪಿನ್ ಹಾಕಿಸಿ, ಟವರ್ ನಿಲ್ಲಿಸೋ ಮುಂಚೆ ಒಂದು ರೀಡಿಂಗ್, ನಿಲ್ಲಿಸಿದ ಮೇಲೆ ಒಂದು, ಆಮೇಲೆ ಮೊದಲ ವರ್ಷ ಆಗಾಗ. ವಾಲೋದಕ್ಕೆ ಹಲವು ಕಂಪನಿಗಳು ಇಟ್ಟಿರೋ ಮಿತಿ ಮೀಟರ್‌ಗೆ 3 ಮಿಲಿಮೀಟರ್, ಮೊದಲ ರೀಡಿಂಗ್ ತಗೊಂಡಿಲ್ಲ ಅಂದ್ರೆ ಮುಂದೆ ಅದನ್ನ ಯಾವುದರ ಜೊತೆಗೂ ಹೋಲಿಸೋಕಾಗಲ್ಲ.